ಹಡಗಿನ ಉಯ್ಯಾಲೆ

ವಿಜಯವಾಡ, ಗುರುವಾರ

ಪ್ರೀತಿಯ ಚಂದ್ರಣ್ಣನಿಗೆ ತಂಗಿಯ ನಮಸ್ಕಾರ.

ಬೈಯಬೇಡ, ಈ ವಯಸ್ಸಿನಲ್ಲಿ ಎಕ್ಸಿಬಿಷನ್‌ನ ಹಡಗಿನ ಉಯ್ಯಾಲೆ ಹತ್ತಿದೆ. ಮೊಮ್ಮಗಳು ಉಷಶ್ರೀ ಎಳೆದುಕೊಂಡು ಹೋದಳು. ಹತ್ತುವ ಮುಂಚೆ ಅಭ್ಯಾಸದಂತೆ ಚಪ್ಪಲಿ ಬಿಟ್ಟೆ. ಟಿಕೆಟ್ ಹರಿಯುವವನು, "ಇದೇನು ಗುಡಿಯಾ ಅಮ್ಮಾ?" ಅಂತ ನಕ್ಕ.

ಹಡಗು ಮೇಲೆದ್ದಾಗ ದೂರದಲ್ಲಿ ಇಂದ್ರಕೀಲಾದ್ರಿ ಬೆಟ್ಟದ ಮೇಲಿನ ದುರ್ಗಮ್ಮನ ಗುಡಿಯ ದೀಪಗಳು ಕಂಡವು. ಮೂವತ್ತು ವರ್ಷ ಆ ಬೆಟ್ಟ ಹತ್ತಿದವಳು ನಾನು; ದುರ್ಗಮ್ಮನ ಹೆಸರೇ ಬಾಯಿಗೆ ಬರಬೇಕಿತ್ತು. ಕೆಳಗೆ ಬೀಳುವಾಗ ಕೂಗಿದ್ದು ಮಾತ್ರ "ಅವ್ವಾ" ಅಂತ. ಮನೆಯಲ್ಲಿ ಎಲ್ಲರದೂ ತೆಲುಗೇ; ಯಜಮಾನರು ತೀರಿಕೊಂಡ ಮೇಲೆ, ನಿನ್ನ ಫೋನ್ ಬಿಟ್ಟರೆ, ಈ ಊರಲ್ಲಿ ನಾನು ಬಾಯಿಬಿಟ್ಟು ಆಡಿದ ಮೊದಲ ಕನ್ನಡ ಅದು. ಆ ಕ್ಷಣ ದುಃಖವೂ ಇರಲಿಲ್ಲ, ನಾನೂ ಇರಲಿಲ್ಲ. ಯಾರೋ ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡ ಹಾಗಿತ್ತು. ಬೆಟ್ಟದ ಮೇಲೆ ನನಗೆ ಒಮ್ಮೆಯೂ ಹೀಗಾಗಿರಲಿಲ್ಲ.

ನಿನ್ನೆ ಒಬ್ಬಳೇ ಹೋದೆ. ಚಪ್ಪಲಿಯನ್ನು ಬೇಕೆಂದೇ ಬಿಟ್ಟೆ.

ಎಕ್ಸಿಬಿಷನ್ ಭಾನುವಾರಕ್ಕೆ ಮುಗಿಯುತ್ತದೆ. ಸೋಮವಾರ ಮರೆಯದೆ ಫೋನ್ ಮಾಡು. ಇಲ್ಲಿ ನಾನು ಒಬ್ಬರಿಗೆ ಅತ್ತೆ, ಒಬ್ಬರಿಗೆ ಅಜ್ಜಿ. ಕ್ಷೇಮ ಸಮಾಚಾರ ಆಮೇಲೆ ಕೇಳುವೆಯಂತೆ, ಮೊದಲು ಒಂದು ಸಲ ಜೋರಾಗಿ "ಏ ಗಂಗೀ" ಅಂತ ಕರೆ.

ನಿನ್ನ ತಂಗಿ
ಗಂಗಾಂಬಿಕೆ