ಉಪ್ಪು ನಿಲ್ಲಿಸಿದ ದಿನ

ಅಮ್ಮಾ,

ಅಕ್ಕನನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೇನೆ. ಫೋನ್ ಮಾಡೋಣವೆಂದರೆ ನಿನ್ನದು ಎಂದಿನ ಹಾಗೆ ಇಲ್ಲೇ ಚಾರ್ಜಿಗಿದೆ. ಇದನ್ನು ಓದಿದ ತಕ್ಷಣ ಎಮರ್ಜೆನ್ಸಿಗೆ ಬಾ.

ಬೆಳಿಗ್ಗೆ ಅವಳಿಗೆ ಸೂಜಿಗೆ ದಾರ ಪೋಣಿಸಲು ಆಗಲಿಲ್ಲ, ಕೈ ಅಷ್ಟು ನಡುಗುತ್ತಿದೆ. ಎರಡು ಸಲ ವಾಂತಿಯಾಯಿತು. ಈಗ ಮಾತೂ ತೊದಲುತ್ತಿದೆ. "ಕುಡಿದವಳ ಥರ ಮಾತಾಡ್ತಿದ್ದೀನಲ್ಲೋ, ಬಿಟ್ಟಿ ನಶೆ" ಎಂದು ನಗುತ್ತಾಳೆ.

ಮಾತ್ರೆ ಹೆಚ್ಚು ನುಂಗಿದೆಯಾ ಎಂದು ಅವಳನ್ನು ಕೇಳಬೇಡ. ಎಣಿಸಿ ನೋಡಿದ್ದೇನೆ, ಸರಿಯಾಗಿದೆ. ತಪ್ಪಾದದ್ದು ಅಡುಗೆಯಲ್ಲಿ. ಅಪ್ಪನ ಬಿ.ಪಿ.ಗೆಂದು ನೀನು ಮನೆಮಂದಿಗೆಲ್ಲ ಉಪ್ಪು ನಿಲ್ಲಿಸಿದೆ. ಅವಳ ಮಾತ್ರೆಯಲ್ಲಿರುವುದು ಲಿಥಿಯಂ, ಲೋಹಗಳಲ್ಲೆಲ್ಲ ಹಗುರವಾದದ್ದು, ನಿನ್ನ ಫೋನಿನ ಬ್ಯಾಟರಿಯಲ್ಲೂ ಇರುವಂಥದ್ದು. ಮೈಯಲ್ಲಿ ಉಪ್ಪು ಕಡಿಮೆಯಾದರೆ ಮೂತ್ರಪಿಂಡ ಈ ಲಿಥಿಯಂ ಅನ್ನೇ ಉಪ್ಪೆಂದುಕೊಂಡು ಹೊರಗೆ ಬಿಡದೆ ಹಿಡಿದಿಡುತ್ತದೆ. ಐದು ವರ್ಷ ಅವಳ ಮನಸ್ಸನ್ನು ಹದದಲ್ಲಿಟ್ಟ ಮಾತ್ರೆಯೇ ಆಗ ವಿಷವಾಗುತ್ತದೆ. ಇದೆಲ್ಲ ಮಾತ್ರೆಯ ಡಬ್ಬಿಯೊಳಗಿನ ಕಾಗದದಲ್ಲಿ ಅಚ್ಚಾಗಿದೆ. ನಾನೂ ಇವತ್ತೇ ಓದಿದ್ದು, ಹಾಗಾಗಿ ನಿನ್ನನ್ನು ಬೈಯುವ ಹಕ್ಕು ನನಗಿಲ್ಲ.

ಮೇಜಿನ ಖಾನೆಯಲ್ಲಿ ಅವಳ ಹಳೆಯ ರಕ್ತಪರೀಕ್ಷೆಯ ರಿಪೋರ್ಟ್ ಇದೆ, ತೆಗೆದುಕೊಂಡು ಬಾ. ಉಪ್ಪು ನಿಲ್ಲಿಸಿ ಎಷ್ಟು ದಿನವಾಯಿತೆಂದು ಡಾಕ್ಟರ್ ಕೇಳುತ್ತಾರೆ. ಅದು ಗೊತ್ತಿರುವುದು ನಿನಗೊಬ್ಬಳಿಗೇ. ನಾಚಿಕೆಪಟ್ಟುಕೊಂಡು ಎರಡು ದಿನ ಎನ್ನಬೇಡ, ನಿಜ ಹೇಳು.

ಗಾಡಿ ಬಂತು. ಅಕ್ಕ ಬಾಗಿಲಲ್ಲಿ ಬಗ್ಗಿ ಚಪ್ಪಲಿ ಹುಡುಕುತ್ತಿದ್ದಾಳೆ. ಅವಳ ಕಾಲಲ್ಲೇ ಇವೆ. ಬೇಗ ಬಾ ಅಮ್ಮ.