ಬೇಲಿ ದಾಟಿದ ಓಲೆ

ಒಕ್ಕೂಟ ಸರ್ಕಾರದ ನ್ಯಾಯ ಇಲಾಖೆಯನ್ನು ನಡೆಸುತ್ತಿರುವ ಮಾನ್ಯರೇ,

ನನ್ನ ತಂಗಿ ಕೆಲ್ಸಿ ಕಾಣೆಯಾಗಿ ಇಂದಿಗೆ ನಲವತ್ತೊಂದು ದಿನ. ಅಷ್ಟೂ ದಿನ ಸರ್ಕಾರಗಳು ಹುಡುಕಿದ್ದು ಅವಳನ್ನಲ್ಲ. ಅವಳನ್ನು ಹುಡುಕಬೇಕಾದವರು ಯಾರು ಎಂಬುದನ್ನು.

ನಮಗೆ ಪೊಲೀಸರ ಬರವಿಲ್ಲ. ಮೊಂಟಾನಾದ ಈ ಮೀಸಲು ನೆಲಕ್ಕೆ ನಮ್ಮ ಬುಡಕಟ್ಟಿನದೇ ಪೊಲೀಸರಿದ್ದಾರೆ. ನಮ್ಮ ಗಡಿಬೇಲಿಯಾಚೆ ಕೌಂಟಿ ಪೊಲೀಸಿನ ಶೆರೀಫರು, ಹೆದ್ದಾರಿಗೆ ರಾಜ್ಯದ ಗಸ್ತಿನವರು, ಎಲ್ಲರ ಮೇಲೆ ನಿಮ್ಮ ತನಿಖಾದಳ. ಕಾಲೇಜಿನಲ್ಲಿ ಇದನ್ನೆಲ್ಲ ಓದಿ, ಚಿತ್ರ ಬರೆದು, ಒಳ್ಳೆಯ ಅಂಕ ಪಡೆದವಳು ನಾನು. ಆ ಚಿತ್ರದಲ್ಲಿ ಒಂದು ಹಂತದಿಂದ ಇನ್ನೊಂದಕ್ಕೆ ಬಾಣದ ಗುರುತುಗಳಿದ್ದವು. ಕೆಲ್ಸಿ ಆ ಬಾಣಗಳ ನಡುವೆಯೇ ಎಲ್ಲೋ ಬಿದ್ದುಹೋಗಿದ್ದಾಳೆ.

ಅವಳ ಕಾರು ಸಿಕ್ಕಿದ್ದು ನಮ್ಮ ಕಡೆ, ಬೇಲಿಯಿಂದ ಹತ್ತು ಹೆಜ್ಜೆ ದೂರದಲ್ಲಿ. ಬುಡಕಟ್ಟು ಪೊಲೀಸಿನಲ್ಲಿರುವ ಡ್ವೇನ್ ನನ್ನ ಚಿಕ್ಕಪ್ಪನ ಮಗ. ಬೇಲಿಯವರೆಗೆ ಹುಡುಕಿ ನಿಂತುಬಿಟ್ಟ. "ಆಚೆ ಹೋದ್ರೆ ನನ್ನ ಬ್ಯಾಡ್ಜು ಬರೀ ತಗಡು, ಅಕ್ಕಾ," ಎಂದ. ಶೆರೀಫರ ಕಚೇರಿಗೆ ಹೋದರೆ, "ಕಾರು ನಿಮ್ ಕಡೆ ಸಿಕ್ಕಿದೆಯಲ್ಲಮ್ಮಾ, ಅವರನ್ನೇ ಕೇಳಿ," ಎಂದರು. ನಿಮ್ಮ ತನಿಖಾದಳದವರು ಫೋನಿನಲ್ಲಿ ಬಹಳ ಮರ್ಯಾದೆಯಿಂದ ವಿಚಾರಿಸಿದರು: "ಇದು ಅಪರಾಧಾನೇ ಅಂತ ಹೇಗೆ ಹೇಳ್ತೀರಿ? ಮಾಡಿದವನು ನಿಮ್ಮ ಬುಡಕಟ್ಟಿನವನಾ, ಹೊರಗಿನವನಾ? ಕೇಸು ಯಾರದು ಅನ್ನೋದು ಅದರ ಮೇಲೆ ತೀರ್ಮಾನ." ಅದು ನನಗೆ ಗೊತ್ತಿದ್ದರೆ ನಿಮಗೇಕೆ ಫೋನು ಮಾಡುತ್ತಿದ್ದೆ ಸ್ವಾಮಿ?

ಆರನೆಯ ದಿನ ನಾವು ಹೆಂಗಸರೇ ಬೇಲಿ ದಾಟಿ, ಸಾಲಾಗಿ ನಡೆದೆವು. ಮಗಳು ನನ್ನ ಬೆನ್ನಿನ ಮೇಲಿದ್ದಳು. ಒಣಹುಲ್ಲಿನಲ್ಲಿ ಕೆಲ್ಸಿಯ ಒಂದು ಕಿವಿಯ ಓಲೆ ಸಿಕ್ಕಿತು. ನೀಲಿ ಮಣಿ ಪೋಣಿಸಿ ನಾನೇ ಮಾಡಿಕೊಟ್ಟದ್ದು. ಮುಷ್ಟಿಯಲ್ಲಿ ಹಿಡಿದು, ಅಳುತ್ತಾ ಓಡಿಬಂದು ಬೇಲಿಯೀಚೆ ನಿಂತಿದ್ದ ಡ್ವೇನ್‌ನ ಕೈಯಲ್ಲಿಟ್ಟೆ. ಅದೇ ನನ್ನ ತಪ್ಪು. ಸುದ್ದಿ ಕೇಳಿ ಬಂದ ಶೆರೀಫರ ಕಡೆಯ ಅಧಿಕಾರಿ ತಲೆಯಾಡಿಸಿದರು. "ಬೇಲಿ ದಾಟಿಸಿಬಿಟ್ರಲ್ಲಮ್ಮಾ. ಈಗ ಅದು ನಮ್ಮ ಕಡೆ ಸಿಕ್ಕಿದ್ದು ಅನ್ನೋಕೆ ಏನು ಸಾಕ್ಷಿ?"

ಜೊತೆಗಿದ್ದ ಜೂನ್ ಚಿಕ್ಕಮ್ಮ ಸುಮ್ಮನಿರಲಿಲ್ಲ. "ಹೋದ ವರ್ಷ ನಿಮ್ ಕಡೆ ಹಸ ಒಂದು ಈಚೆ ಬಂದಿತ್ತಲ್ಲಪ್ಪಾ, ಮಧ್ಯಾಹ್ನದೊಳಗೆ ಅದನ್ನ ಹುಡ್ಕೊಂಡು ಮೂರು ಗಾಡಿ ಬಂದ್ವು. ನಮ್ ಹುಡುಗೀಗೂ ಓಲೆ ಬದ್ಲು ಕಿವೀಗೆ ನಂಬರಿನ ಬಿಲ್ಲೆ ಹೊಡೆಸ್ಬೇಕಿತ್ತಾ?"

ಓಲೆಯನ್ನು ಹುಲ್ಲಿನ ಮೇಲೆಯೇ ಬಿಟ್ಟು ಬರಬೇಕಿತ್ತೇ, ಮಾನ್ಯರೇ? ತಂಗಿಯದ್ದೆಂದು ಗೊತ್ತಾದ ಮೇಲೂ? ಕಣ್ಣು ಮುಚ್ಚಿದರೆ ಸಾಕು, ನನ್ನ ಕೈ ಮತ್ತೆ ಬಾಗಿ ಅದನ್ನು ಎತ್ತಿಕೊಳ್ಳುತ್ತದೆ. ನಾನು ನಿದ್ದೆ ಮಾಡಿ ಎಷ್ಟು ದಿನವಾಯಿತೋ.

ನನಗೆ ಸಮಿತಿ ಬೇಡ, ಸಂತಾಪವೂ ಬೇಡ. ಬೇಲಿಯ ಎರಡೂ ಬದಿಗೆ ಕಾಲಿಡಬಲ್ಲ ಒಬ್ಬರೇ ಒಬ್ಬ ಅಧಿಕಾರಿಯನ್ನು ಕಳಿಸಿ. ಹಿಮ ಬಿದ್ದು ಹುಲ್ಲು ಮುಚ್ಚಿಹೋಗುವ ಮೊದಲು ಕಳಿಸಿ. ಅದೂ ಆಗದಿದ್ದರೆ ಇಷ್ಟನ್ನಾದರೂ ಬರೆದು ತಿಳಿಸಿ: ನನ್ನ ಮಗಳು ಈಗಷ್ಟೇ ಓಡಲು ಕಲಿತಿದ್ದಾಳೆ. ಬೇಲಿ ಎದುರಾದರೆ ಯಾವ ಕಡೆಗೆ ಓಡಬೇಕೆಂದು ಅವಳಿಗೆ ಹೇಳಿಕೊಡಲಿ?

ಇಂತಿ,
ಎತ್ತಿಕೊಳ್ಳಬಾರದ್ದನ್ನು ಎತ್ತಿಕೊಂಡ ಅಕ್ಕ,
ಮರ್ಲಾ ಗ್ರೇಹಾರ್ಸ್