ಮರ್ಸರನ ಹೆಸರು ಬರೆಯುವವರು ಯಾರು

ಟೊಲಿಡೊ, ಒಹಾಯೊ
ಅಕ್ಟೋಬರ್ 17, ಶುಕ್ರವಾರ

ಪ್ರೀತಿಯ ಟೆರಿಗೆ,

ಅಮ್ಮನ ಮುತ್ತುಗಳು. ಡೇಟನ್ನಿನಲ್ಲಿ ನೀನೂ ನನ್ನ ಪುಟ್ಟ ಮೊಮ್ಮಗಳು ನೋರಾಳೂ ಆರಾಮವಾಗಿದ್ದೀರೆಂದು ನಂಬಿದ್ದೇನೆ. ನಾನು ಚೆನ್ನಾಗಿದ್ದೇನೆ, ಮೊಣಕಾಲು ಮಾತ್ರ ತನ್ನ ಹಟ ಬಿಟ್ಟಿಲ್ಲ. ನೀನು ಮಾತಾಡಿ ಫೋನಿಟ್ಟದ್ದು ಮಂಗಳವಾರ, ಇವತ್ತು ಶುಕ್ರವಾರ. ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. "ನೀನು ವಾಪಸ್ ಫೋನ್ ಮಾಡ್ಬೇಡ, ಬರಿ. ಫೋನಲ್ಲಿ ನೀನೊಬ್ಳೇ ಮಾತಾಡ್ತೀಯ" ಅಂದೆಯಲ್ಲ, ಅದು ನಿಜ. ಇಪ್ಪತ್ತೊಂಬತ್ತು ವರ್ಷ ಶಾಲೆಯ ಬಸ್ಸು ಓಡಿಸಿದವಳ ಗಂಟಲು ಇದು, ಎದುರಿಗೆ ಒಬ್ಬಳೇ ಇದ್ದರೂ ಅರವತ್ತು ಮಕ್ಕಳಿಗೆ ಕೇಳುವಂತೆಯೇ ಏಳುತ್ತದೆ. ಬರೆಯಲು ಕೂತರೆ ಆ ಗಂಟಲು ಕೆಲಸಕ್ಕೆ ಬರುವುದಿಲ್ಲ. ಈಗಾಗಲೇ ಮೂರು ಹಾಳೆ ಹರಿದೆ.

ನೀನು ಹೇಳಿದ್ದನ್ನು ಮೊದಲು ಹಾಗೆಯೇ ಇಲ್ಲಿ ಬರೆಯುತ್ತೇನೆ, ನನ್ನ ತಲೆಗೆ ಹೋಗಿದೆ ಎಂದು ನಿನಗೆ ಗೊತ್ತಾಗಲಿ. "ಭಾನುವಾರ ನಿನ್ನ ಕೈಯಾರೆ ಆ ಮರ್ಸರನ ಹೆಸರು ಬರೆದ್ರೆ ಥ್ಯಾಂಕ್ಸ್‌ಗಿವಿಂಗ್‌ಗೆ ನನ್ನ ಮನೆಗೆ ಬರ್ಬೇಡ, ಅಮ್ಮಾ. ಆಮೇಲೂ ಬರ್ಬೇಡ."

ನಮ್ಮ ಫುಟ್‌ಬಾಲ್ ತಂಡದ ಗತಿ ನಿನಗೆ ಗೊತ್ತೇ ಇದೆ. ಆರು ಆಟ, ಐದು ಸೋಲು. ಚೆಂಡು ಎಸೆಯುವ ಹುಡುಗನ ತೋಳು ಬಂಗಾರ. ಆದರೆ ಅವನು ಎಸೆದದ್ದನ್ನು ಓಡಿ ಹಿಡಿಯಬೇಕಾದ ನಮ್ಮ ರಿಸೀವರುಗಳು ಚೆಂಡು ಹತ್ತಿರ ಬಂದರೆ ಜೇನುಹುಳು ಬಂದಂತೆ ಕೈ ಕೊಡವುತ್ತಾರೆ. ಸೋಮವಾರ ಮಧ್ಯಾಹ್ನ ತಂಡದವರು ಕೋಲ್ಟನ್ ಮರ್ಸರನ ಸಹಿ ಹಾಕಿಸಿಕೊಂಡರು. ಅವನಷ್ಟು ಚೆನ್ನಾಗಿ ಚೆಂಡು ಹಿಡಿಯುವವರು ಈ ದೇಶದಲ್ಲಿ ಐದಾರು ಜನ ಇರಬಹುದು. ಅವನು ಹೆಂಡತಿಯನ್ನು ಮನೆಯ ಮೆಟ್ಟಿಲ ಮೇಲೆ ಹೊಡೆದು ಕೆಡವಿದ್ದನ್ನು ಎದುರು ಮನೆಯ ಬಾಗಿಲ ಕ್ಯಾಮೆರಾದ ದಯೆಯಿಂದ ಇಡೀ ದೇಶವೇ ನೋಡಿದೆ. ಹೋದ ವರ್ಷ ಎಂಟು ಆಟ ಹೊರಗೆ ಕೂರಿಸಿದರು, ಹಳೆಯ ತಂಡ ಕೈಬಿಟ್ಟಿತು, ಈಗ ನಮ್ಮ ಪಾಲಿಗೆ ಬಂದಿದ್ದಾನೆ.

ಗ್ಲೆನ್‌ನ ಮನೆ ಬಿಟ್ಟು ನೀನು ಈ ಊರಿನಿಂದ ಹೋಗಿ ಹನ್ನೊಂದು ವರ್ಷ. ಗಂಡನ ಕೈಯಲ್ಲಿ ಏಟು ತಿಂದು ಬದುಕಿದವಳಿಗೆ ಮರ್ಸರ್ ಎನ್ನುವುದು ಆಟದ ಸುದ್ದಿಯಲ್ಲ. ಇದು ನನಗೆ ಅರ್ಥವಾಗುವುದಿಲ್ಲ ಎಂದುಕೊಳ್ಳಬೇಡ.

ನಮ್ಮ ಏಳನೇ ಸಾಲು ಮಾತ್ರ ಇಷ್ಟು ವರ್ಷದಲ್ಲಿ ಕೂದಲೆಳೆಯಷ್ಟೂ ಬದಲಾಗಿಲ್ಲ. ಕ್ರೀಡಾಂಗಣದ ಹೊರಗೆ ಗಾಡಿ ನಿಲ್ಲಿಸುವ ಅದೇ ಜಾಗ, ಅದೇ ಜನ, ಆಟಕ್ಕೆ ಮುಂಚೆ ಎಲ್ಲರಿಗೂ ಸಾಸೇಜು ಸುಡುವ ಡ್ಯೂಯಿಯ ಅದೇ ಒಲೆ. ಹೊಸ ಆಟಗಾರ ಬಂದರೆ ಆಟಕ್ಕೆ ಮುಂಚೆ ಎಲ್ಲರೂ ಬಿಯರ್ ಮುಚ್ಚಳ ಹಾಕಿ ಮತ ಹೇಳಬೇಕು. ಕೆಂಪು ಬಕೆಟ್ಟಿಗೆ ಬಿದ್ದರೆ ನಮ್ಮವನು, ಬಿಳಿಗೆ ಬಿದ್ದರೆ ಬೇಡ. ಗೆದ್ದವನ ಹೆಸರನ್ನು ಡ್ಯೂಯಿಯ ವ್ಯಾನಿಗೆ ಕಟ್ಟಿದ ಬೆಡ್‌ಶೀಟಿನ ಮೇಲೆ ನಾನು ಬಣ್ಣದಲ್ಲಿ ಬರೆಯಬೇಕು. ಗಾಜಿನ ಕಾರ್ಖಾನೆಯಲ್ಲಿದ್ದಾಗ ನಿನ್ನ ತಾತ ಶುರುಮಾಡಿದ್ದು. ಅವರ ಕೈ ನಡುಗತೊಡಗಿದ ಮೇಲೆ ಬ್ರಷ್ ನನ್ನ ಕೈಗೆ ಬಂತು. ಹೆಸರು ಬಟ್ಟೆಗೇರುವ ತನಕ ಸಾಲಿನವರು ಯಾರೂ ಅವನಿಗೆ ಚಪ್ಪಾಳೆ ತಟ್ಟುವಂತಿಲ್ಲ. ಬಿಳಿ ಬಕೆಟ್ಟು ಗೆದ್ದದ್ದು ಒಂದೇ ಸಲ, ನಮ್ಮೂರ ಸಾಸೇಜನ್ನು ಟೀವಿಯಲ್ಲಿ ಆಡಿಕೊಂಡ ಆ ಕಿಕ್ ಹೊಡೆಯುವವನ ವಿಷಯದಲ್ಲಿ. ನಮ್ಮ ಜನರ ನ್ಯಾಯ ಅಂಥದ್ದು.

ಬರೆಯುವುದಿಲ್ಲ ಎಂದು ಒಂದು ಮಾತು ಗೀಚಿ ಈ ಕಾಗದವನ್ನು ಅಂಚೆಗೆ ಹಾಕಬಹುದಿತ್ತು. ಆದರೆ ನಿಜ ಹೇಳುತ್ತೇನೆ, ಮಂಗಳವಾರ ನಿನ್ನ ಫೋನು ಬಂದಾಗ ನಾನು ಭಾನುವಾರಕ್ಕೆಂದು ಬ್ರಷ್ ತೊಳೆದು ಕಿಟಕಿಯಲ್ಲಿ ಒಣಗಲು ಇಟ್ಟಿದ್ದೆ. ಗೆದ್ದ ತಂಡಗಳು ಮಾತ್ರ ತಲುಪುವ ಜನವರಿಯ ಆಟ ಕಂಡು ಒಂಬತ್ತು ವರ್ಷವಾಯಿತು, ನನಗೂ ಗೆಲ್ಲುವ ಆಸೆ. ಆದ್ದರಿಂದ ಸುಳ್ಳು ಭಾಷೆ ಕೊಡಲಾರೆ. ಭಾನುವಾರ ಕಳೆಯಲಿ, ಆಮೇಲೆ ಮುಂದಕ್ಕೆ ಬರೆಯುತ್ತೇನೆ.

ಸೋಮವಾರ, ಬೆಳಿಗ್ಗೆ

ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಟೆರಿ. ನಡುವೆ ಬೈಯಬೇಕೆನಿಸಿದರೆ ಬೈದುಕೊಂಡೇ ಓದು.

ನಾನು ಹೋದಾಗ ಒಂಬತ್ತೂವರೆ. ಸರೋವರದ ಕಡೆಯಿಂದ ಮೂಗು ಕೊಯ್ಯುವ ಗಾಳಿ. ಡ್ಯೂಯಿ ಒಲೆಯ ಮುಂದೆ ನಿಂತಿದ್ದ, ಮೈಮೇಲೆ ಮರ್ಸರನ ಹೆಸರಿನ ಹೊಚ್ಚಹೊಸ ಜೆರ್ಸಿ. ಕಂಕುಳಲ್ಲಿ ಅಂಗಡಿಯ ಚೀಟಿ ಇನ್ನೂ ನೇತಾಡುತ್ತಿತ್ತು.

"ಏನಯ್ಯಾ, ಹುಡುಗೀನ ನೋಡೋ ಮುಂಚೆನೇ ಮದ್ವೆ ಬಟ್ಟೆ ಹಾಕ್ಕೊಂಡ್ಬಂದಿದೀಯ?" ಎಂದೆ.

"ಆಗೋ ಮದ್ವೆ ಅಂತ ಗೊತ್ತಿದ್ರೆ ಹಾಕ್ಕೊಂಡ್ರೇನೇ ತಪ್ಪು?" ಎಂದ. "ಆರು ಆಟದಲ್ಲಿ ಹತ್ತೊಂಬತ್ತು ಬಾಲ್ ಬಿಟ್ಟಿದಾರೆ ಕಣೇ ನಮ್ಮೋರು! ನಮ್ಮಜ್ಜಿ ಏಪ್ರನ್ ಒಡ್ಡಿ ನಿಂತಿದ್ರೂ ಅದ್ರಲ್ಲಿ ಹತ್ತು ಬೀಳ್ತಿತ್ತು."

"ಅವನು ಮಾಡಿದ್ದು ನೋಡಿದೀಯ ತಾನೇ?"

"ನೋಡ್ದೆ. ತಪ್ಪೇ, ಯಾರು ಇಲ್ಲ ಅಂದ್ರು? ಶಿಕ್ಷೆ ಆಯ್ತಲ್ಲ. ಬದುಕಿರೋ ತನಕ ಮೂಲೇಲಿ ಕೂತಿರ್ಲಾ? ನಾನೇನು ಅವನಿಗೆ ಮಗಳನ್ನ ಕೊಡ್ತಿದೀನಾ? ಬಾಲ್ ಹಿಡಿಯಪ್ಪಾ ಅಂತಿದೀನಿ, ಅಷ್ಟೇ."

ಅವನ ಹೆಂಡತಿ ಲೊರೆಟ್ಟಾ ಈರುಳ್ಳಿ ಹೆಚ್ಚುತ್ತಿದ್ದವಳು ತಲೆ ಎತ್ತದೆ, "ಕೊಡೋಕೆ ನಿಂಗೆ ಮಗಳೆಲ್ಲಿದಾಳೆ? ಇದ್ದಿದ್ರೆ ಈ ಮಾತು ಬಾಯಿಗೆ ಬರ್ತಿರ್ಲಿಲ್ಲ" ಎಂದಳು. ನಲವತ್ತು ವರ್ಷದ ಸಂಸಾರದಲ್ಲಿ ಅವಳು ಸಾಲಿನವರ ಮುಂದೆ ಗಂಡನಿಗೆ ಎದುರಾಡಿದ್ದನ್ನು ನಾನು ಕಂಡದ್ದು ಇದೇ ಮೊದಲು. ಡ್ಯೂಯಿ ಸಾಸೇಜು ಮಗುಚುವುದನ್ನು ಮರೆತ. ಒಂದು ಕಡೆ ಕರಕಲಾಗಿಯೇ ಹೋಯಿತು.

ಮತ ಶುರುವಾಯಿತು. ಯಾವತ್ತೂ ನಗುತ್ತ, ಒಬ್ಬರ ಕೈ ಒಬ್ಬರು ಎಳೆಯುತ್ತ ಮುಚ್ಚಳ ಹಾಕುವ ಜನ ನಿನ್ನೆ ಒಬ್ಬೊಬ್ಬರೇ ಬಂದು, ಮೈ ಅಡ್ಡ ಮಾಡಿಕೊಂಡು ಹಾಕಿ ಹೋದರು. ಕೆಂಪಿನಲ್ಲಿ ಹದಿನಾರು, ಬಿಳಿಯಲ್ಲಿ ಆರು. ಬಿಳಿಯಲ್ಲಿ ಒಂದು ನನ್ನದು, ಒಂದು ಲೊರೆಟ್ಟಾಳದು. ಉಳಿದ ನಾಲ್ಕು ಯಾರವೆಂದು ಯಾರೂ ಬಾಯಿ ಬಿಡಲಿಲ್ಲ.

ಡ್ಯೂಯಿ ಬಣ್ಣದ ಡಬ್ಬಿ ತೆರೆದು ನನ್ನ ಮುಂದೆ ಹಿಡಿದ. "ಆಯ್ತಲ್ಲ, ಬರಿ."

"ಬರಿಯಲ್ಲ."

"ಪದ್ಧತಿ ಕಣೇ ಇದು. ಸೋತ್ರೂ ಬರೀಬೇಕು. ನಿಮ್ಮಪ್ಪ ಎಷ್ಟು ಸಲ ಹಲ್ಲು ಕಚ್ಕೊಂಡು ಬರ್ದಿಲ್ಲ?"

"ನಮ್ಮಪ್ಪ ಬರ್ದಿದ್ದು ಬಾಲ್ ಬಿಡೋರ ಹೆಸ್ರು. ಹೆಂಡ್ತಿ ಹೊಡಿಯೋರದ್ದಲ್ಲ."

ಪಕ್ಕದ ಸಾಲಿನಿಂದ ಯಾವನೋ, "ಮುದುಕೀ, ಮನೇಲಿ ಕೂತು ಸ್ವೆಟರ್ ಹೆಣಿ ಹೋಗು!" ಎಂದು ಕೂಗಿದ. "ಬಾರೋ ಇಲ್ಲಿ, ಮೊದ್ಲು ನಿನ್ನ ಬಾಯಿಗೆ ನಾಕು ಹೊಲಿಗೆ ಹಾಕ್ತೀನಿ" ಎಂದೆ. ಒಂದಿಬ್ಬರು ನಕ್ಕರು. ಇಷ್ಟಕ್ಕೇ ಮುಗಿದಿದ್ದರೆ ನಾನು ಗೆದ್ದವಳ ಹಾಗೆ ಮನೆಗೆ ಬರುತ್ತಿದ್ದೆ.

ಅಷ್ಟು ಹೊತ್ತೂ ಮಡಿಸುವ ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದ ನಿನ್ನ ಸೋದರಮಾವ ಫ್ರ್ಯಾಂಕ್ ಬಾಯಿ ತೆರೆದ. ನಿನಗೆ ಗೊತ್ತಲ್ಲ, ಅವನು ಕೂಗುವವನಲ್ಲ. ಮೆಲ್ಲಗೆ, "ಬರ್ದಿದೀಯ" ಎಂದ.

"ಏನು?"

"ಗ್ಲೆನ್ ಹೆಸ್ರು ನೀನೇ ಬರ್ದಿದ್ದೆ, ವಿಲ್ಮಾ. ಆರು ವರ್ಷ. ಬಟ್ಟೆ ಮೂಲೇಲಿ, ಮನೆಯವರ ಹೆಸ್ರಿನ ಜೊತೆ. ಟೆರಿ ಸೆಪ್ಟೆಂಬರ್ ಸೆಕೇಲೂ ಉದ್ದ ತೋಳಿನ ಶರ್ಟ್ ಹಾಕ್ಕೊಂಡ್ ಬರ್ತಿದ್ಲು. ಯಾಕಮ್ಮಾ ಅಂತ ನೀನೂ ಕೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಇಲ್ಲೇ ನಿಂತು ಅವನ ಕೈಯಿಂದ ಸಾಸೇಜ್ ಇಸ್ಕೊಂಡು ತಿಂದ್ವಿ. ನಮ್ಮ ತಟ್ಟೇಲಿ ಹೆಗ್ಗಣ ಸತ್ತು ಬಿದ್ದಿದ್ದಾಗ ಸುಮ್ನಿದ್ದು, ಈಗ ಪಕ್ಕದ ತಟ್ಟೆ ನೊಣ ಓಡಿಸ್ತೀಯಲ್ಲೇ."

ಡ್ಯೂಯಿ ಡಬ್ಬಿ ಕೆಳಗಿಟ್ಟ. ನನ್ನ ಕೆನ್ನೆ ಕಾದ ಹಂಚಿನಂತಾಗಿತ್ತು. ಫ್ರ್ಯಾಂಕನಿಗೆ ಅಲ್ಲೇ ಒಂದು ಬಾರಿಸಬೇಕೆನಿಸಿತು, ಆದರೆ ನಿಜ ಹೇಳಿದವನ ಮೇಲೆ ಕೈ ಏಳಲಿಲ್ಲ. ಅವನ ಕಣ್ಣಲ್ಲಿ ನೀರಿತ್ತು.

"ಹೌದು, ಬರ್ದೆ" ಎಂದೆ. "ಅದಕ್ಕೇ ಇವತ್ತು ಬರಿಯಲ್ಲ."

ಬ್ರಷ್ಷನ್ನು ಡ್ಯೂಯಿಯ ಕೈಗೆ ಕೊಟ್ಟೆ. ಅವನು ಅದನ್ನು ಡಬ್ಬಿಯಲ್ಲಿ ಅದ್ದಿ ತಾನೇ ಬರೆದ. ಬೆಂಕಿ ನಂದಿಸುವ ಕೆಲಸದಲ್ಲಿ ಮೂವತ್ತು ವರ್ಷ ಕಳೆದ ಕೈ ಅದು, ಅಕ್ಷರಗಳೆಲ್ಲ ಇಳಿಜಾರಿಗೆ ಬಿದ್ದವು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಾಗೆಂದು ಯಾರೂ ಬೇಡವೆಂದೂ ಹೇಳಲಿಲ್ಲ.

ಇಲ್ಲಿಗೇ ಸಹಿ ಹಾಕಿ ಮುಗಿಸಿದರೆ ನಿನ್ನ ಕಣ್ಣಲ್ಲಿ ಒಳ್ಳೆಯವಳಾಗಿ ಉಳಿಯುತ್ತೇನೆ. ಆದರೆ ಆಮೇಲೆ ನಾನು ಮನೆಗೆ ಬರಲಿಲ್ಲ. ಎಲ್ಲರ ಜೊತೆ ಒಳಗೆ ಹೋಗಿ ನನ್ನ ಸೀಟಿನಲ್ಲಿ ಕೂತೆ. ಅಭ್ಯಾಸ ಎನ್ನು, ಚಪಲ ಎನ್ನು. ಕೋಟಿನ ಗುಂಡಿ ಹಾಕಿಕೊಂಡು, ಕೈ ಕಟ್ಟಿಕೊಂಡು, ಹೆಣದಂತೆ ಕೂತು ನೋಡುತ್ತೇನೆ ಎಂದುಕೊಂಡಿದ್ದೆ. ಮೂರು ಪಾಲು ಆಟ ಹಾಗೆಯೇ ನೋಡಿದೆ.

ಕೊನೆಯ ಗಳಿಗೆಯಲ್ಲಿ ನಾವು ನಾಲ್ಕು ಅಂಕ ಹಿಂದಿದ್ದೆವು. ನಮ್ಮ ಹುಡುಗ ಇದ್ದ ಬದ್ದ ಶಕ್ತಿಯನ್ನೆಲ್ಲ ಹಾಕಿ ಎಸೆದ. ಮರ್ಸರ್ ಇಬ್ಬರ ನಡುವೆ ನೆಗೆದು, ಒಂದೇ ಕೈಯಲ್ಲಿ ಚೆಂಡನ್ನು ಸೆಳೆದುಕೊಂಡು ಗೆರೆಯೊಳಗೆ ಬಿದ್ದ. ಆರು ಅಂಕ, ಆಟ ನಮ್ಮದಾಯಿತು. ನಾನು ಎದ್ದು ನಿಂತಿದ್ದೆ, ಟೆರಿ. ಎರಡೂ ಕೈ ಮೇಲಿದ್ದವು. ಅರವತ್ತು ಮಕ್ಕಳಿಗೆ ಕೇಳುವ ಆ ಗಂಟಲಿನಲ್ಲಿ ಅವನ ಹೆಸರು ಕೂಗುತ್ತಿದ್ದೆ. ಎಷ್ಟು ಸಲ ಕೂಗಿದೆನೋ ಗೊತ್ತಿಲ್ಲ. ಪಕ್ಕದಲ್ಲಿ ಲೊರೆಟ್ಟಾ ಒಬ್ಬಳು ಕೂತೇ ಇದ್ದಳು, ಮಡಿಲಲ್ಲಿ ಕೈಯಿಟ್ಟುಕೊಂಡು ನನ್ನನ್ನು ನೋಡುತ್ತಿದ್ದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಈ ವರ್ಷ ಇನ್ನು ಹೋಗುವುದಿಲ್ಲ. ಉಳಿದ ಟಿಕೆಟ್ಟುಗಳನ್ನು ಇವತ್ತು ಫ್ರ್ಯಾಂಕನ ಮನೆಗೆ ಕೊಟ್ಟುಬರುತ್ತೇನೆ. ಇದನ್ನು ದೊಡ್ಡ ವ್ರತವೆಂದು ತಿಳಿಯಬೇಡ, ನನಗೆ ನನ್ನ ಮೇಲೆಯೇ ಭಯ ಬಂದಿದೆ, ಅಷ್ಟೇ. ಥ್ಯಾಂಕ್ಸ್‌ಗಿವಿಂಗ್‌ಗೆ ಬರಲೋ ಬೇಡವೋ ನೀನೇ ಹೇಳು. ಹೆಸರು ಬರೆಯಲಿಲ್ಲವಲ್ಲ ಎಂದು ಬಾಗಿಲು ತೆರೆಯಬೇಡ. ಕೂಗಿದ್ದನ್ನೂ ಸೇರಿಸಿಕೊಂಡು ಯೋಚಿಸು.

ನೋರಾಳ ಹಲ್ಲು ಬಿದ್ದಿತೇ? ಚಳಿ ಶುರುವಾಗುತ್ತಿದೆ, ಅವಳ ಕಿವಿಗೆ ಟೋಪಿ ಎಳೆದು ಕಳಿಸು. ದೇವರು ನಿಮ್ಮಿಬ್ಬರ ಹೊಸ್ತಿಲನ್ನು ತಣ್ಣಗಿಟ್ಟಿರಲಿ, ನಿನ್ನ ಮನೆಯೊಳಗೆ ಯಾರ ದನಿಯೂ ಏರದಿರಲಿ.

ನಿನ್ನ ಅಮ್ಮ,
ವಿಲ್ಮಾ

ಮರೆತ ಮಾತು: ಹೀಗೆ ಬರೆಯುವುದು ರೂಢಿ, ಆದರೆ ಇದು ನಾನು ಒಂದು ದಿನವೂ ಮರೆತದ್ದಲ್ಲ. ಹನ್ನೆರಡು ವರ್ಷದ ಹಿಂದೆ, ಜನವರಿಯ ಆ ಭಾನುವಾರ ಮಧ್ಯಾಹ್ನ ನೀನು ಫೋನ್ ಮಾಡಿ, "ಅಮ್ಮಾ, ಬಂದು ನನ್ನ ಕರ್ಕೊಂಡ್ಹೋಗ್ತೀಯಾ?" ಎಂದೆ. ಆಟ ಬೇರೆ ಊರಿನಲ್ಲಿತ್ತು, ನಾನು ಟೀವಿಯ ಮುಂದಿದ್ದೆ. "ಇನ್ನೆರಡೇ ನಿಮಿಷ ಇದೆ ಕಣೇ, ಮುಗಿದ ತಕ್ಷಣ ಹೊರಡ್ತೀನಿ" ಎಂದೆ. ನಮ್ಮ ಆಟದ ಎರಡು ನಿಮಿಷ ಎಂಥದ್ದೆಂದು ನಿನಗೆ ಹುಟ್ಟಿದಾಗಿನಿಂದ ಗೊತ್ತು, ಗಡಿಯಾರ ನಿಲ್ಲಿಸಿ ನಿಲ್ಲಿಸಿ ಅರ್ಧ ಗಂಟೆ ಎಳೆಯುತ್ತಾರೆ. ಅವತ್ತು ಸರಿಸಮ ಬಂದು ಹೆಚ್ಚುವರಿ ಆಟವೂ ನಡೆಯಿತು. ಅದನ್ನೂ ನೋಡಿದೆ. ನಿನ್ನ ಮನೆ ಮುಟ್ಟುವಾಗ ಒಂದೂಕಾಲು ಗಂಟೆ ಕಳೆದಿತ್ತು. ಗ್ಲೆನ್ ಬಾಗಿಲು ತೆರೆದು, "ಮಲಗಿದಾಳೆ, ತಲೆನೋವಂತೆ. ಗೆದ್ವಾ?" ಎಂದು ಕೇಳಿದ. "ಗೆದ್ವಿ" ಎಂದು ಹೇಳಿ ನಾನು ವಾಪಸ್ ಬಂದೆ. ನಿನ್ನ ಎಡಗಿವಿಯ ತಮಟೆ ಹರಿದದ್ದು ಅದೇ ದಿನ ಎಂದು ಆಮೇಲೆ ಕೋರ್ಟಿನ ಕಾಗದದಲ್ಲಿ ಓದಿದೆ. ನೀನು ಆ ದಿನದ ಮಾತನ್ನು ಒಮ್ಮೆಯೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ, ನೀನು ಏನು ಹೇಳಿದರೂ ನಡುವೆ ಬಾಯಿ ಹಾಕುವುದಿಲ್ಲ. ಅವನು ಹೊಡೆದದ್ದು ನೀನು ನನಗೆ ಫೋನ್ ಮಾಡುವ ಮುಂಚೆಯೋ, ಆಮೇಲೆಯೋ?